ಪದ ಪರಿಚಯ: ಟ್ಯಾಂಗ್ ಸ್ಟ್ಯಾಂಪ್

ಮಡಚುವ ಚಾಕು ಬಿಚ್ಚಿದಾಗ ಅಲಗು ಹಿಡಿಯನ್ನು ಸೇರುವ ಕಡೆ ಹರಿತವಿಲ್ಲದ, ಸ್ವಲ್ಪ ದಪ್ಪನೆಯ ಭಾಗವೊಂದು ಕಾಣುತ್ತದಲ್ಲ, ಅದೇ ಟ್ಯಾಂಗ್. ಅದರ ಮೇಲೆ ಕಾರ್ಖಾನೆಯವರು ಒತ್ತಿದ ಹೆಸರು, ಊರು, ಮಾದರಿ ಸಂಖ್ಯೆ, ಚುಕ್ಕೆ, ಕಿರೀಟ ಎಲ್ಲ ಸೇರಿ ಟ್ಯಾಂಗ್ ಸ್ಟ್ಯಾಂಪ್. ಹಳೆಯ ಚಾಕು ಸಂಗ್ರಹಿಸುವವರು ಚಾಕು ಕೈಗೆ ಬಂದ ಕೂಡಲೇ ಹಿಡಿಯ ಅಂದವನ್ನಾಗಲಿ ಅಲಗಿನ ಹರಿತವನ್ನಾಗಲಿ ನೋಡುವುದಿಲ್ಲ, ಮೊದಲು ಈ ಮುದ್ರೆ ಓದುತ್ತಾರೆ.

ತಯಾರಿಕೆ ನಿಂತುಹೋದ ಚಾಕುವಿನ ಮೇಲೆ ಜೀವ ಇಟ್ಟುಕೊಂಡವರಿಗೆ ಈ ಮುದ್ರೆ ಯಾಕೆ ಅಷ್ಟು ದೊಡ್ಡದು? ನ್ಯೂಯಾರ್ಕ್ ರಾಜ್ಯದ ಎಲೆನ್‌ವಿಲ್‌ನಲ್ಲಿದ್ದ ಶ್ರೇಡ್ ಕಾರ್ಖಾನೆ 2004ರಲ್ಲಿ ಮುಚ್ಚಿತು. ಹೆಸರು ಬೇರೆಯವರ ಪಾಲಾಗಿ, ಶ್ರೇಡ್‌ನವರದೇ ಆಗಿದ್ದ ‘ಓಲ್ಡ್ ಟೈಮರ್’ ಎಂಬ ಚಾಕುಗಳು ಚೀನಾದಲ್ಲಿ ತಯಾರಾಗತೊಡಗಿದವು. ಮೇಜಿನ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ಹೊಸಬರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಟ್ಯಾಂಗ್ ಮೇಲಿನ ‘ಯು.ಎಸ್.ಎ.’ ಎಂಬ ಮೂರಕ್ಷರವೇ ಹಳೆಯದನ್ನು ಗುರುತಿಸಿಕೊಡುತ್ತದೆ. ಸ್ವಿಟ್ಜರ್ಲೆಂಡಿನ ವೆಂಗರ್ ಕಂಪನಿಯನ್ನು 2005ರಲ್ಲಿ ವಿಕ್ಟೋರಿನಾಕ್ಸ್ ಕೊಂಡುಕೊಂಡಿತು, 2013ರಲ್ಲಿ ವೆಂಗರ್ ಹೆಸರಿನ ಚಾಕುಗಳನ್ನು ನಿಲ್ಲಿಸುವ ತೀರ್ಮಾನವಾಯಿತು. ‘ವೆಂಗರ್, ಡೆಲೆಮಾಂಟ್’ ಎಂದು ಒತ್ತಿದ ಅಲಗು ಇನ್ನು ಹುಟ್ಟುವುದಿಲ್ಲ. ಎಷ್ಟು ಉಳಿದಿವೆಯೋ ಅಷ್ಟೇ.

ಮುದ್ರೆಯಿಂದ ವರ್ಷ ಲೆಕ್ಕ ಹಾಕುವುದಕ್ಕೆ ಅಮೆರಿಕದ ಕೇಸ್ ಕಂಪನಿಯ ಚಾಕುವಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 1970ರಲ್ಲಿ ಆ ಕಂಪನಿ ತನ್ನ ಹೆಸರಿನ ಕೆಳಗೆ ಹತ್ತು ಚುಕ್ಕೆ ಒತ್ತಿ, ಆಮೇಲೆ ವರ್ಷಕ್ಕೊಂದು ಚುಕ್ಕೆ ಕಡಿಮೆ ಮಾಡುತ್ತ ಬಂತು. 1971ಕ್ಕೆ ಒಂಬತ್ತು, 1979ಕ್ಕೆ ಒಂದೇ. 1980ರಲ್ಲಿ ಮುದ್ರೆಯಲ್ಲಿನ ಇಂಗ್ಲಿಷ್ ‘ಎಸ್’ ಅಕ್ಷರವನ್ನು ಮಿಂಚಿನ ಆಕಾರಕ್ಕೆ ಬದಲಿಸಿ ಮತ್ತೆ ಹತ್ತರಿಂದ ಎಣಿಕೆ ಶುರು ಮಾಡಿತು. ಹಾಗಾಗಿ ನಾಲ್ಕು ಚುಕ್ಕೆ ಇದ್ದರೆ ಹತ್ತರಲ್ಲಿ ನಾಲ್ಕು ಕಳೆದು ಆರು. ‘ಎಸ್’ ಮಾಮೂಲಿನದಾದರೆ 1976, ಮಿಂಚಿನದಾದರೆ 1986.

ಎಡವುವುದೂ ಇಲ್ಲೇ. ಚುಕ್ಕೆಯೊಂದು ಸವೆದು ಮಾಯವಾದರೆ ಚಾಕು ಒಂದು ವರ್ಷ ಹೊಸದಾಗಿಬಿಡುತ್ತದೆ. 1979ರ ಚಾಕುವಿನ ಒಂಟಿ ಚುಕ್ಕೆ ಅಳಿಸಿಹೋದರಂತೂ ಅದು 1965ರಿಂದ 1969ರ ನಡುವಿನ, ಚುಕ್ಕೆಯೇ ಇಲ್ಲದ ‘ಕೇಸ್ ಎಕ್ಸ್‌ಎಕ್ಸ್ ಯು.ಎಸ್.ಎ.’ ಮುದ್ರೆಯಂತೆ ಕಾಣುತ್ತದೆ. ಹತ್ತು ವರ್ಷಕ್ಕೂ ಹೆಚ್ಚು ಹಳೆಯದೆಂದು ನಂಬಿ ದುಡ್ಡು ಕೊಟ್ಟಂತಾಗುತ್ತದೆ.

ಕಲಬುರಗಿ, ಬೀದರ್ ಕಡೆಯ ಗುಜರಿ ಅಂಗಡಿಯಲ್ಲೋ ಹಳೆಯ ಮನೆಯ ಪೆಟ್ಟಿಗೆಯಲ್ಲೋ ಇಂಗ್ಲಿಷ್ ಚಾಕು ಸಿಕ್ಕರೆ ಶೆಫೀಲ್ಡ್ ಎಂಬ ಊರಿನ ಹೆಸರು ಹುಡುಕಿ. ನಕ್ಷತ್ರ ಮತ್ತು ಮಾಲ್ಟಾ ಶಿಲುಬೆ ಜೋಡಿಯಾಗಿದ್ದರೆ ಅದು ಶೆಫೀಲ್ಡಿನ ಜೋಸೆಫ್ ರಾಜರ್ಸ್ ಕಂಪನಿಯ ಗುರುತು. ಕಿರೀಟದ ಅಕ್ಕಪಕ್ಕ ‘ವಿ’ ‘ಆರ್’ ಇದ್ದರೆ ವಿಕ್ಟೋರಿಯಾ ರಾಣಿಯ ಕಾಲ, ಅಂದರೆ 1901ರ ಒಳಗಿನದು. ‘ಇಂಗ್ಲೆಂಡ್’ ಎಂದು ದೇಶದ ಹೆಸರೂ ಇದ್ದರೆ ಸಾಮಾನ್ಯವಾಗಿ 1891ರ ನಂತರದ್ದು. ಆಮದು ಸರಕಿನ ಮೇಲೆ ದೇಶದ ಹೆಸರು ಇರಲೇಬೇಕೆಂದು ಅಮೆರಿಕ ಕಾನೂನು ತಂದದ್ದೇ ಅದಕ್ಕೆ ಕಾರಣ.

ಮುದ್ರೆ ಓದುವ ಮುಂಚೆ ಉಜ್ಜಬೇಡಿ. ನಮ್ಮ ಕಡೆ ಹಳೆಯ ಚಾಕು ಸಿಕ್ಕರೆ ನೇರವಾಗಿ ಸಾಣೆ ಹಿಡಿಯುವವರ ಕೈಗೆ ಕೊಡುವ ರೂಢಿ. ಅವರು ಅಲಗು ಪೂರ್ತಿ ಹೊಳೆಯಲೆಂದು ಟ್ಯಾಂಗನ್ನೂ ಚಕ್ರಕ್ಕೆ ಹಿಡಿಯುತ್ತಾರೆ. ಮುದ್ರೆಯ ಆಳ ಕೂದಲೆಳೆಯಷ್ಟು. ಚಕ್ರ ಎರಡು ಸುತ್ತು ತಿರುಗುವಷ್ಟರಲ್ಲಿ ಅಳಿಸಿಹೋಯಿತು. ಬಿದರಿ ಹೂಜಿಯ ಕಪ್ಪನ್ನು ಹುಣಸೆಹಣ್ಣು ಹಾಕಿ ತಿಕ್ಕಿದರೆ ಏನಾಗುತ್ತದೆಂದು ಬೀದರಿನವರಿಗೆ ಹೇಳಬೇಕಿಲ್ಲ, ಇದೂ ಹಾಗೆಯೇ. ಹುಣಸೆ, ನಿಂಬೆ, ಉಪ್ಪು ಕಾಗದ ಮೂರೂ ಬೇಡ.

ಜಂಗು ಹತ್ತಿ ಬಿಗಿದ ಚಾಕುವಿನ ತಿರುಗಣಿಗೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟು ರಾತ್ರಿಯಿಡೀ ಇಡಿ. ಇಕ್ಕಳದಿಂದ ಎಳೆದರೆ ಅಲಗಿನ ಮೇಲೆ ಹಲ್ಲಿನ ಗಾಯವಾಗುತ್ತದೆ, ಹಳೆಯ ಉಕ್ಕಾದರೆ ಉಗುರು ಸಿಕ್ಕಿಸುವ ಕಚ್ಚಿನ ಹತ್ತಿರ ಮುರಿಯಲೂಬಹುದು. ಅಲಗನ್ನು ಚಕ್ಕಳದ ತುಂಡಿನಲ್ಲಿ ಹಿಡಿದು ನಿಧಾನಕ್ಕೆ, ನೇರವಾಗಿ ಬಿಚ್ಚಿ. ಟ್ಯಾಂಗ್ ಮೇಲೆ ಮತ್ತೊಂದು ಹನಿ ಎಣ್ಣೆ ಹಾಕಿ ಅರ್ಧ ದಿನ ಬಿಟ್ಟು, ಹಲ್ಲುಕಡ್ಡಿಯಿಂದ ಅಕ್ಷರದ ಒಳಗಿನ ಕೊಳೆ ಎತ್ತಿ, ಹತ್ತಿ ಬಟ್ಟೆಯಿಂದ ಒರೆಸಿ. ಬೆಳಕು ಮೇಲಿನಿಂದ ಬಿದ್ದರೆ ಅಕ್ಷರ ಕಾಣುವುದಿಲ್ಲ. ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಅಲಗಿನ ಮಟ್ಟಕ್ಕೆ ಮಲಗಿಸಿ ಪಕ್ಕದಿಂದ ಬೆಳಕು ಬಿಡಿ, ಅಕ್ಕಸಾಲಿಗರು ಬಳಸುವ ಹತ್ತು ಪಟ್ಟು ದೊಡ್ಡದು ತೋರಿಸುವ ಗಾಜಿನಲ್ಲಿ ನೋಡಿ. ಆಗಲೂ ಮಸುಕಾಗಿದ್ದರೆ ತೆಳು ಕಾಗದ ಹೊದಿಸಿ ಮೆತ್ತನೆಯ ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿ. ಕಣ್ಣಿಗೆ ಸಿಗದ ಚುಕ್ಕೆ ಕಾಗದದ ಮೇಲೆ ಬಿಳಿಯಾಗಿ ಉಳಿಯುತ್ತದೆ.

ಮುದ್ರೆ ಓದಿದ್ದಾಯಿತೆಂದು ಚಾಕು ಅಸಲಿ ಎನ್ನಬೇಡಿ. ಮುರಿದ ಅಲಗು ತೆಗೆದು ಬೇರೆ ಚಾಕುವಿನ ಅಲಗು ಕೂರಿಸಿರುತ್ತಾರೆ. ತಿರುಗಣಿಯ ಮೊಳೆಯ ತಲೆ ಹೊಸದಾಗಿ ಮಿನುಗುತ್ತಿದ್ದರೆ, ಅದರ ಸುತ್ತ ಸುತ್ತಿಗೆಯ ಗುರುತಿದ್ದರೆ, ಅಲಗು ಮಡಚಿದಾಗ ಒಂದು ಪಕ್ಕಕ್ಕೆ ವಾಲಿದರೆ ಅನುಮಾನಪಡಿ. ಒಂದೇ ಹಿಡಿಯಲ್ಲಿ ಎರಡು ಅಲಗಿದ್ದರೆ ಎರಡರ ಬಣ್ಣವೂ ಒಂದೇ ತೆರನಾಗಿ ಮಾಗಿರಬೇಕು.

ಇನ್ನು ಇಡುವ ಜಾಗ. ಚಕ್ಕಳದ ಚೀಲದೊಳಗೇ ಚಾಕು ಬಿಟ್ಟರೆ ಮಳೆಗಾಲದಲ್ಲಿ ಚಕ್ಕಳ ಪಸೆ ಹಿಡಿದು ಹಿತ್ತಾಳೆಗೆ ಹಸಿರು ಕಿಲುಬು, ಉಕ್ಕಿಗೆ ಜಂಗು. ಬೇರೆಬೇರೆ ಇಡಿ. ಹಿಡಿ ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್ಕಿನದಾದರೆ ಇನ್ನೂ ಎಚ್ಚರ ಬೇಕು, ನಮ್ಮ ಸೀಮೆಯ ಬಿಸಿಲಿಗೆ ಅದು ಬೇಗ ಕೆಡುತ್ತದೆ. ಕೆಡುವಾಗ ಬಿಡುವ ಆಮ್ಲದ ಹೊಗೆ ತನ್ನ ಅಲಗನ್ನಷ್ಟೇ ಅಲ್ಲ, ಅದೇ ಡಬ್ಬಿಯಲ್ಲಿರುವ ಉಳಿದ ಚಾಕುಗಳ ಮುದ್ರೆಯನ್ನೂ ತಿಂದುಹಾಕುತ್ತದೆ. ಏಪ್ರಿಲ್, ಮೇನಲ್ಲಿ ತಗಡಿನ ಚಾವಣಿಯ ಕೆಳಗಿನ ಕಬ್ಬಿಣದ ಅಲಮಾರು ಅದಕ್ಕೆ ತಕ್ಕ ಜಾಗವಲ್ಲ. ನೆಲಮಟ್ಟದ ತಂಪು ಕೋಣೆಯಲ್ಲಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಒಂಟಿಯಾಗಿಡಿ. ತಿಂಗಳಿಗೊಮ್ಮೆ ತೆಗೆದು ನೋಡಿ. ಸೆಲ್ಯುಲಾಯ್ಡಿನ ಸಹಜವಾದ ಕರ್ಪೂರದ ವಾಸನೆ ಹೋಗಿ ಮೂಗಿಗೆ ಹುಳಿ ಘಾಟು ಬಡಿದರೆ, ಹಿಡಿಯಲ್ಲಿ ಸೀಳು ಕಂಡರೆ, ಆ ಚಾಕುವನ್ನು ಸಂಗ್ರಹದಿಂದ ಕೂಡಲೇ ಹೊರಗಿಡಿ.