ಪದ ಪರಿಚಯ: ಸ್ವಾಭಾವಿಕ ಪುನರುತ್ಪತ್ತಿಯ ಕಾಡು

ಗಾಳಿಗೋ ಹಕ್ಕಿಯ ಹಿಕ್ಕೆಗೋ ಬಿದ್ದ ಬೀಜ, ಕಡಿದ ಬೊಡ್ಡೆಯ ಚಿಗುರು, ಬೇರಿನಿಂದ ಎದ್ದ ಕುಡಿ ಇವುಗಳಿಂದ ತಾನಾಗಿ ಬೆಳೆದ ಮರಗಳೇ ಹೆಚ್ಚಾಗಿರುವ ಕಾಡಿಗೆ ಈ ಹೆಸರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜಗತ್ತಿನ ಕಾಡನ್ನು ಎರಡೇ ಪಾಲು ಮಾಡುತ್ತದೆ: ಒಂದು ಇದು, ಇನ್ನೊಂದು ನೆಟ್ಟ ಕಾಡು. 2020ರ ಲೆಕ್ಕದಲ್ಲಿ ಸುಮಾರು 406 ಕೋಟಿ ಹೆಕ್ಟೇರ್ ಕಾಡಿನ ಶೇ. 93 ಭಾಗ ತಾನಾಗಿ ಬೆಳೆದದ್ದು.

ಹೆಸರು ಕೇಳಿ ಹಳೆಯ ದಟ್ಟ ಕಾಡನ್ನು ಕಲ್ಪಿಸಿಕೊಂಡರೆ ತಪ್ಪುತ್ತೇವೆ. ಹತ್ತು ವರ್ಷದ ಹಿಂದೆ ಪಾಳುಬಿಟ್ಟ ಹೊಲದಲ್ಲಿ ಎದ್ದ ಎಳೆಯ ಕಾಡೂ ಇದೇ ಪಾಲಿಗೆ ಸೇರುತ್ತದೆ. ಹೊರದೇಶದ ಮರ ತಾನಾಗಿ ಬೀಜ ಬಿದ್ದು ಹರಡಿದ್ದರೂ ಇಲ್ಲಿಗೇ. ಮಲೆನಾಡಿನಲ್ಲಿ ಅಕೇಶಿಯಾ ನೆಡುತೋಪು ನೆಟ್ಟ ಕಾಡು. ಅದರ ಬೀಜ ಪಕ್ಕದ ಬೋಳುಗುಡ್ಡಕ್ಕೆ ಬಿದ್ದು ಬೆಳೆದರೆ ಅದು ಸ್ವಾಭಾವಿಕ. ಆದರೆ ನೆಟ್ಟ ನೀಲಗಿರಿಯನ್ನು ಕಡಿದ ಮೇಲೆ ಬೊಡ್ಡೆಯಿಂದ ಬಂದ ಚಿಗುರು ನೆಟ್ಟ ಕಾಡಾಗಿಯೇ ಉಳಿಯುತ್ತದೆ.

ಎರಡು ದೇಶಗಳನ್ನು ಹೋಲಿಸುವಾಗ ಈ ಪದದ ನಿಜವಾದ ಉಪಯೋಗ ಕಾಣುತ್ತದೆ. ಭಾರತ ಮತ್ತು ವಿಯೆಟ್ನಾಂ ತೆಗೆದುಕೊಳ್ಳಿ. 1990ರಿಂದ 2020ರವರೆಗೆ ಭಾರತದ ಒಟ್ಟು ಕಾಡು ಸುಮಾರು 6.39 ಕೋಟಿಯಿಂದ 7.22 ಕೋಟಿ ಹೆಕ್ಟೇರಿಗೆ ಏರಿತು. ಅದೇ ಅವಧಿಯಲ್ಲಿ ನೆಟ್ಟ ಕಾಡು 57 ಲಕ್ಷದಿಂದ 1.33 ಕೋಟಿಯಾಯಿತು. ಕಳೆದು ನೋಡಿದರೆ ತಾನಾಗಿ ಬೆಳೆದ ಕಾಡು 5.82 ಕೋಟಿ ಇದ್ದದ್ದು 5.89 ಕೋಟಿ. ಏರಿಕೆಯ ಬಹುಪಾಲು ನೆಡುತೋಪಿನದು. ವಿಯೆಟ್ನಾಂನಲ್ಲಿ ನೆಟ್ಟ ಕಾಡು 10 ಲಕ್ಷಕ್ಕಿಂತ ಕಡಿಮೆ ಇದ್ದದ್ದು 43 ಲಕ್ಷ ದಾಟಿತು, ಅದರಲ್ಲಿ ಐದಾರು ವರ್ಷಕ್ಕೇ ಕಡಿಯುವ ಅಕೇಶಿಯಾ ಬಹಳ. ಆದರೂ ತಾನಾಗಿ ಬೆಳೆದ ಕಾಡೂ 85 ಲಕ್ಷದ ಆಸುಪಾಸಿನಿಂದ 103 ಲಕ್ಷಕ್ಕೆ ಏರಿತು. 1998ರಲ್ಲಿ ಶುರುವಾದ 50 ಲಕ್ಷ ಹೆಕ್ಟೇರ್ ಅರಣ್ಯೀಕರಣ ಯೋಜನೆಯಲ್ಲಿ ಸಸಿ ನೆಡುವುದರ ಜೊತೆಗೆ, ಹಾಳಾದ ಜಾಗವನ್ನು ಕಾಯ್ದು ತಾನಾಗಿ ಚಿಗುರಲು ಬಿಡುವ ಕೆಲಸಕ್ಕೂ ಪಾಲಿತ್ತು.

ಹೋಲಿಕೆಗೆ ಹೆಕ್ಟೇರ್ ಒಂದೇ ಸಾಲದು, ದೇಶಗಳ ಗಾತ್ರವೇ ಬೇರೆ. ತಾನಾಗಿ ಬೆಳೆದ ಕಾಡಿನ ವಾರ್ಷಿಕ ಏರಿಕೆಯ ದರ ಹೀಗೆ: ಕೊನೆಯ ವರ್ಷದ ಅಂಕಿಯನ್ನು ಮೊದಲ ವರ್ಷದ್ದರಿಂದ ಭಾಗಿಸಿ, ಬಂದದ್ದರ 30ನೇ ಮೂಲ (ನಡುವಿನ ವರ್ಷಗಳು 30) ತೆಗೆದು, 1 ಕಳೆದು, 100ರಿಂದ ಗುಣಿಸಿ. ವಿಯೆಟ್ನಾಂಗೆ ವರ್ಷಕ್ಕೆ ಸುಮಾರು ಶೇ. 0.6, ಭಾರತಕ್ಕೆ ಶೇ. 0.04. ದೇಶದ ನೆಲದಲ್ಲಿ ಈ ಕಾಡಿನ ಶೇಕಡಾವಾರು ಪಾಲು ಹೇಳುವಾಗ ಛೇದ, ಅಂದರೆ ಭಾಗಿಸುವ ಒಟ್ಟು ವಿಸ್ತೀರ್ಣ, ಯಾವುದೆಂದು ನೋಡಿಕೊಳ್ಳಿ. ಒಳನಾಡಿನ ನೀರು ಬಿಟ್ಟ ನೆಲ, ಸುಮಾರು 29.7 ಕೋಟಿ ಹೆಕ್ಟೇರ್, ಹಿಡಿದರೆ ಭಾರತದ ಪಾಲು ಶೇ. 19.8, ಭೌಗೋಳಿಕ ವಿಸ್ತೀರ್ಣ 32.87 ಕೋಟಿ ಹಿಡಿದರೆ ಶೇ. 17.9. ಒಂದು ದೇಶಕ್ಕೆ ಒಂದು, ಇನ್ನೊಂದಕ್ಕೆ ಮತ್ತೊಂದು ಹಿಡಿದ ಕೋಷ್ಟಕ ಕೆಲಸಕ್ಕೆ ಬಾರದು.

ದೊಡ್ಡ ತಪ್ಪು ಆಗುವುದು ಅಂಕಿಯ ಹುಟ್ಟಿನಲ್ಲಿ. ಈ ಪಾಲನ್ನು ಬಹಳಷ್ಟು ದೇಶಗಳಲ್ಲಿ ನೇರವಾಗಿ ಅಳೆಯುವುದಿಲ್ಲ; ಒಟ್ಟು ಕಾಡಿನಿಂದ ನೆಟ್ಟದ್ದನ್ನು ಕಳೆದು ಪಡೆಯುತ್ತಾರೆ. ಹಾಗಾಗಿ ನೆಟ್ಟ ಕಾಡಿನ ಲೆಕ್ಕದ ದೋಷವೆಲ್ಲ ಇದರ ತಲೆಗೇ ಬರುತ್ತದೆ. ಕಾಡು ಎಂದರೇನು ಎಂಬ ವ್ಯಾಖ್ಯೆಯೂ ಒಂದೇ ಅಲ್ಲ. ಭಾರತೀಯ ಅರಣ್ಯ ಸರ್ವೇಕ್ಷಣೆಯ 'ಅರಣ್ಯ ಹೊದಿಕೆ' ಒಂದು ಹೆಕ್ಟೇರ್ ಮತ್ತು ಮೇಲ್ಪಟ್ಟ, ನೆಲದ ಕನಿಷ್ಠ ಶೇ. 10 ಭಾಗದ ಮೇಲೆ ಮರಗಳ ನೆತ್ತಿಯ ನೆರಳಿರುವ ಎಲ್ಲವನ್ನೂ ಎಣಿಸುತ್ತದೆ. ಕೊಡಗಿನ ಕಾಫಿ ತೋಟದ ನೆರಳುಮರವೂ ಅದರೊಳಗೆ. ವಿಶ್ವಸಂಸ್ಥೆಯ ವ್ಯಾಖ್ಯೆ ಕಾಫಿ ತೋಟವನ್ನು ಹೊರಗಿಡುತ್ತದೆ, ರಬ್ಬರನ್ನು ನೆಟ್ಟ ಕಾಡೆಂದು ಒಳಗಿಡುತ್ತದೆ. ಸರ್ವೇಕ್ಷಣೆ 2001ರ ವರದಿಗೆ ನಕ್ಷೆಯಲ್ಲಿ ಗುರುತಿಸುವ ಅತಿ ಚಿಕ್ಕ ತುಂಡನ್ನು 25 ಹೆಕ್ಟೇರಿನಿಂದ 1 ಹೆಕ್ಟೇರಿಗೆ ಇಳಿಸಿತು. ಅಂಥ ವರ್ಷದಲ್ಲಿ ಏರಿದ್ದು ಕಾಡೋ, ನಕ್ಷೆಯ ಸೂಕ್ಷ್ಮತೆಯೋ ಎಂದು ಕೇಳಲೇಬೇಕು.

ವಿಶ್ವಸಂಸ್ಥೆಯ ಮೌಲ್ಯಮಾಪನ ಐದು ವರ್ಷಕ್ಕೊಮ್ಮೆ ಬರುತ್ತದೆ, ಬಂದಾಗಲೆಲ್ಲ 1990ರ ಹಳೆಯ ಅಂಕಿಗಳೂ ಪರಿಷ್ಕಾರಗೊಳ್ಳುತ್ತವೆ. ಆದ್ದರಿಂದ ಎರಡೂ ದೇಶ, ಎಲ್ಲ ವರ್ಷಗಳೂ ಒಂದೇ ಆವೃತ್ತಿಯಿಂದ ಇರಲಿ.

ಇನ್ನೊಂದು: ಇದು ನಿವ್ವಳ ಅಂಕಿ. ನೂರಾರು ವರ್ಷದ ಒಂದು ಹೆಕ್ಟೇರ್ ಕಾಡು ಹೋಗಿ, ಬೇರೆಡೆ ಒಂದು ಹೆಕ್ಟೇರ್ ಕುರುಚಲು ಕಾಡಾಗಿ ಬೆಳೆದರೆ ಕೋಷ್ಟಕದಲ್ಲಿ ಏನೂ ಬದಲಾಗದು. ಅದಕ್ಕೇ ಪಕ್ಕದಲ್ಲಿ 'ಮೂಲ ಅರಣ್ಯ'ದ, ಅಂದರೆ ಮನುಷ್ಯನ ಕೈವಾಡದ ಗುರುತು ಕಾಣದ ಸ್ಥಳೀಯ ಮರಗಳ ಕಾಡಿನ, ಅಂಕಣವನ್ನೂ ಇಟ್ಟು ಓದಬೇಕು: ವಿಯೆಟ್ನಾಂನ ಆ 103 ಲಕ್ಷ ಹೆಕ್ಟೇರಿನಲ್ಲಿ ಮೂಲ ಅರಣ್ಯ 1 ಲಕ್ಷವೂ ಇಲ್ಲ.