ಕುದುರೆ ಬಗ್ಗೆ ಏನೂ ಗೊತ್ತಿಲ್ಲ, ಸ್ವಯಂಸೇವಕರಾಗಿ ಬರಬಹುದಾ?

ಓದುಗರ ಪ್ರಶ್ನೆ: ಪಾರ್ಕಿನಲ್ಲಿ ನಡೆಯುವ ಕ್ರಾಸ್‌ಕಂಟ್ರಿ (ಬಯಲಿನಲ್ಲಿ ಮರದ ದಿಮ್ಮಿಯಂಥ ಅಡೆತಡೆಗಳನ್ನು ಹಾರುತ್ತಾ ಓಡುವ) ಕುದುರೆ ಸವಾರಿ ಸ್ಪರ್ಧೆಗೆ ಸ್ವಯಂಸೇವಕರು ಬೇಕು ಅಂತ ಓದಿದೆ. ನನಗೆ ಸವಾರಿ ಬರುವುದಿಲ್ಲ, ಕುದುರೆ ಹತ್ತಿರ ಹೋಗೋಕೂ ಭಯ. ನಾನು ಬರಬಹುದಾ?

ಬರಬಹುದು, ಖಂಡಿತ ಬನ್ನಿ. ಪ್ರತಿ ಸ್ಪರ್ಧೆಗೂ ಮುಂಚೆ ಇದೇ ಪ್ರಶ್ನೆ ಬರುತ್ತದೆ, ನಾನೂ ಇದೇ ಉತ್ತರ ಬರೆಯುತ್ತೇನೆ. ಎಷ್ಟು ಹೊತ್ತಿಗೆ ಬರಬೇಕು, ಊಟ ಇದೆಯಾ, ಮಳೆ ಬಂದರೆ ಏನು ಎನ್ನುವುದನ್ನೆಲ್ಲ ಆಯೋಜಕರೇ ತಿಳಿಸುತ್ತಾರೆ. ನನಗೆ ಇಲ್ಲಿ ಒಂದೇ ಒಂದು ತಪ್ಪು ನಂಬಿಕೆಯನ್ನು ಬುಡಸಮೇತ ಕಿತ್ತು ಹಾಕಬೇಕಿದೆ. ಅದು, ‘ಕುದುರೆ ಗೊತ್ತಿರುವವರಿಗೆ ಮಾತ್ರ ಈ ಕೆಲಸ’ ಅನ್ನುವುದು.

ಫೆನ್ಸ್ ಜಡ್ಜ್ ಆಗಿ, ಅಂದರೆ ಒಂದು ಅಡೆತಡೆಯ ಪಕ್ಕ ಕೂತು ಕುದುರೆ ಹಾರಿತಾ ಅಂತ ನೋಡಿ ಬರೆದುಕೊಳ್ಳುವವರಾಗಿ ಬಂದವರು ಇಡೀ ದಿನ ಒಂದು ಕುದುರೆಯನ್ನೂ ಮುಟ್ಟುವುದಿಲ್ಲ. ಅವರ ಕೈಯಲ್ಲಿ ಇರುವುದು ಪೆನ್ನು, ಹಾಳೆ, ಸೀಟಿ, ಸ್ಟಾಪ್‌ವಾಚ್, ವಾಕಿಟಾಕಿ. ಸವಾರರು ಹೇಗೆ ಕೂತಿದ್ದರು, ಲಗಾಮು ಹೇಗೆ ಹಿಡಿದಿದ್ದರು ಅಂತ ಯಾರೂ ನಿಮ್ಮನ್ನು ಕೇಳುವುದಿಲ್ಲ. ಕೇಳುವುದು ಇಷ್ಟೇ: ಬಲಕ್ಕೆ ಕೆಂಪು ಬಾವುಟ, ಎಡಕ್ಕೆ ಬಿಳಿ ಬಾವುಟ, ಕುದುರೆ ಅವೆರಡರ ನಡುವೆ ಹಾರಿತಾ, ಇಲ್ಲವಾ?

ನಿಮ್ಮದು 7ನೇ ಅಡೆತಡೆ ಅಂತ ಇಟ್ಟುಕೊಳ್ಳಿ. ಕುದುರೆ ಓಡಿ ಬಂತು, ಮರದ ದಿಮ್ಮಿಯ ಮುಂದೆ ಗಕ್ಕನೆ ನಿಂತುಬಿಟ್ಟಿತು. 20 ಪೆನಾಲ್ಟಿ, ಅಂದರೆ ತಪ್ಪಿಗೆ ಬೀಳುವ ದಂಡದ ಅಂಕ. ಸವಾರರು ತಿರುಗಿಸಿಕೊಂಡು ಬಂದರು, ಈ ಸಲ ಪಕ್ಕಕ್ಕೆ ಜಾರಿಕೊಂಡಿತು. ಇನ್ನೂ 40. ಅಲ್ಲೇ ಮೂರನೇ ಸಲವೂ ಹಾಗಾದರೆ ಸ್ಪರ್ಧೆಯಿಂದ ಹೊರಗೆ. ಅಡೆತಡೆಯಲ್ಲಿ 7ಎ, 7ಬಿ ಅಂತ ಎರಡು ಭಾಗ ಇದ್ದರೆ ಸ್ವಲ್ಪ ಜಾಸ್ತಿ ಗಮನ ಬೇಕು. ಎ ಹಾರಿದ ಮೇಲೆ ಸುತ್ತು ಹಾಕಿ ತಾನು ಬಂದ ದಾರಿಯನ್ನೇ ಅಡ್ಡ ದಾಟಿ 7ಬಿಗೆ ಹೋದರೆ 20 ಬೀಳುತ್ತದೆ. ಅನುಮಾನ ಬಂದರೆ ಕುದುರೆ ಹೋದ ದಾರಿಯನ್ನು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿ. ಆಮೇಲೆ ತಕರಾರು ಎದ್ದಾಗ ಆ ಗೆರೆಗೆ ಬಹಳ ಬೆಲೆ ಇರುತ್ತದೆ.

ಕುದುರೆ ಬಲ್ಲವರೇ ಇಲ್ಲಿ ಎಡವುವುದುಂಟು. ಅವರ ಕಣ್ಣು ಸವಾರರ ಕೈ ಮೇಲೆ, ಕುದುರೆಯ ನಡೆ ಮೇಲೆ ಇರುತ್ತದೆ, ಬಾವುಟ ಬಿದ್ದದ್ದು ಕಾಣುವುದಿಲ್ಲ. ಇನ್ನು ಕೆಲವರು ಶೋ ಜಂಪಿಂಗ್ (ಅಂಗಳದಲ್ಲಿ ಕಂಬಗಳ ಮೇಲೆ ಹಾರುವ ಸ್ಪರ್ಧೆ) ಲೆಕ್ಕವನ್ನು ತಲೆಯಲ್ಲಿ ಇಟ್ಟುಕೊಂಡು ಬರುತ್ತಾರೆ. ಅಲ್ಲಿ ಕಂಬ ಬಿದ್ದರೆ 4 ಪೆನಾಲ್ಟಿ. ಕ್ರಾಸ್‌ಕಂಟ್ರಿಯಲ್ಲಿ ಗೊರಸು ದಿಮ್ಮಿಗೆ ಟಕ್ ಅಂತ ತಗುಲಿದರೆ ಏನೂ ಇಲ್ಲ. ಪೆಟ್ಟು ಜೋರಾಗಿ ಬಿದ್ದಾಗ ಕಳಚಿಕೊಳ್ಳಲೆಂದೇ ಕೆಲವು ಅಡೆತಡೆಗಳಿಗೆ ಪಿನ್ ಹಾಕಿರುತ್ತಾರೆ. ಅದು ಕಳಚಿದರೆ ಮಾತ್ರ 11. ಏನೂ ಗೊತ್ತಿಲ್ಲದೆ ಬಂದವರು ಬೆಳಿಗ್ಗೆ ಹೇಳಿಕೊಟ್ಟಿದ್ದನ್ನು ಹಾಗೇ ಪಾಲಿಸುತ್ತಾರೆ. ನನಗೆ ಅಂಥವರೇ ಬೇಕು. ಅವರ ಹಾಳೆಗಳನ್ನು ಸಂಜೆ ನೋಡುವಾಗ ಹೆಮ್ಮೆ ಆಗುತ್ತದೆ.

ಸ್ಟಾಪ್‌ವಾಚ್ ಯಾಕೆ? ಮುಂದೆ ಯಾರಾದರೂ ಬಿದ್ದಿದ್ದರೆ ಹಿಂದಿನ ಸವಾರರನ್ನು ಕೆಂಪು ಬಾವುಟ ಬೀಸಿ ತಡೆಯಬೇಕಾಗುತ್ತದೆ. ತಡೆದಷ್ಟು ಹೊತ್ತನ್ನು ಅವರ ಸಮಯದಿಂದ ಕಳೆಯುತ್ತಾರೆ. ನಿಗದಿತ ಸಮಯ ಮೀರಿದರೆ ಸೆಕೆಂಡಿಗೆ 0.4 ಪೆನಾಲ್ಟಿ. ನೀವು 10 ಸೆಕೆಂಡು ತಪ್ಪು ಬರೆದರೆ ಯಾವ ತಪ್ಪೂ ಮಾಡದವರ ತಲೆ ಮೇಲೆ 4 ಪೆನಾಲ್ಟಿ ಕೂರುತ್ತದೆ. ಅದಕ್ಕೇ ಹೇಳುವುದು, ಸವಾರಿ ಬರದಿದ್ದರೂ ಪರವಾಗಿಲ್ಲ, ಗಡಿಯಾರ ನೋಡಿ ಸರಿಯಾಗಿ ಬರೆಯಲು ಬರಬೇಕು.

ಭಯದ ಮಾತಿಗೆ ಬರೋಣ. ಸವಾರರನ್ನು ಬೀಳಿಸಿ ಕುದುರೆ ಒಂಟಿಯಾಗಿ ಓಡಿದರೆ ನೀವು ಅದರ ಹಿಂದೆ ಓಡಬೇಡಿ, ಎದುರಿಗೂ ನಿಲ್ಲಬೇಡಿ. ವಾಕಿಟಾಕಿಯಲ್ಲಿ ತಿಳಿಸಿ, ಸೀಟಿ ಊದಿ, ಜನರನ್ನು ದೂರ ಸರಿಸಿ. ಹಿಡಿಯಲು ಬೇರೆಯವರು ಇದ್ದಾರೆ.

ಪಾರ್ಕು ಅಂದಮೇಲೆ ನಿಜವಾದ ಕಷ್ಟ ಜನರದ್ದು. 2012ರ ಲಂಡನ್ ಒಲಿಂಪಿಕ್ಸ್‌ನ ಕ್ರಾಸ್‌ಕಂಟ್ರಿ ನಡೆದದ್ದೂ ಗ್ರೀನಿಚ್ ಪಾರ್ಕ್ ಎಂಬ ಸಾರ್ವಜನಿಕ ಉದ್ಯಾನದಲ್ಲೇ. ದೊಡ್ಡ ಸ್ಪರ್ಧೆಗಳಲ್ಲಿ ಕುದುರೆ ನಿಮಿಷಕ್ಕೆ ಸುಮಾರು 570 ಮೀಟರ್ ಓಡುತ್ತದೆ. ನೂರು ಮೀಟರ್ ಆಚೆ ಕಂಡದ್ದು ಸುಮಾರು ಹತ್ತೇ ಸೆಕೆಂಡಿನಲ್ಲಿ ನಿಮ್ಮ ಮುಂದೆ ಇರುತ್ತದೆ. ಜನ ಕುದುರೆಯ ದಾರಿಯನ್ನು ದಾಟುವ ಜಾಗದಲ್ಲಿ ನಿಂತ ಸ್ವಯಂಸೇವಕರು ಅಷ್ಟರೊಳಗೆ ಸೀಟಿ ಊದಿ, ಹಗ್ಗ ಅಡ್ಡ ಹಿಡಿದು, ಮಗುವಿನ ಕೈ ಬಿಟ್ಟ ಅಪ್ಪನನ್ನೂ ನಾಯಿ ಹಿಡಿದು ಬಂದ ಅಜ್ಜಿಯನ್ನೂ ನಿಲ್ಲಿಸಬೇಕು. ‘ನಾನು ದಿನಾ ಇಲ್ಲೇ ವಾಕಿಂಗ್ ಬರ್ತೀನಿ’ ಅಂತ ರೇಗಿದರೆ ವಾದ ಬೇಡ. ‘ಒಂದೇ ನಿಮಿಷ ಸರ್, ಕುದುರೆ ಬರ್ತಿದೆ’ ಅಂದರೆ ಸಾಕು, ಬಹಳ ಜನ ತಾವೇ ನಿಂತು ನೋಡತೊಡಗುತ್ತಾರೆ.

ಯಾರೂ ಕೇಳದಿದ್ದರೂ ಇನ್ನೊಂದು ಹೇಳಬೇಕು. ಎರಡು ಕುದುರೆಗಳ ನಡುವೆ ಸಿಗುವ ಬಿಡುವಿನಲ್ಲಿ ಸುಮ್ನೆ ಕೂರಬೇಡಿ. ಎಲ್ಲ ಕುದುರೆಗಳೂ ಹೆಚ್ಚು ಕಡಿಮೆ ಒಂದೇ ಜಾಗದಲ್ಲಿ ನೆಲಕ್ಕಿಳಿಯುತ್ತವೆ. ಅಲ್ಲಿ ಹುಲ್ಲು ಮಣ್ಣಿನ ಸಮೇತ ಹೆಂಟೆ ಹೆಂಟೆಯಾಗಿ ಎದ್ದು ಗುಂಡಿ ಬೀಳುತ್ತದೆ. ಮುಂದಿನ ಕುದುರೆಯ ಕಾಲು ಅದರಲ್ಲೇ ಸಿಕ್ಕಿಕೊಳ್ಳಬಹುದು. ಮೊದಲು ವಾಕಿಟಾಕಿ ಕೇಳಿಸಿಕೊಳ್ಳಿ, ದಾರಿ ಖಾಲಿ ಇದೆ ಅಂತ ಖಚಿತ ಮಾಡಿಕೊಳ್ಳಿ. ಆಮೇಲೆ ಹೋಗಿ ಎದ್ದ ಹೆಂಟೆಯನ್ನು ಬೇರು ಕೆಳಗಾಗುವಂತೆ ಮಗುಚಿ ಗುಂಡಿಗೆ ಕೂರಿಸಿ, ಹಿಮ್ಮಡಿಯಿಂದ ಗಟ್ಟಿಯಾಗಿ ತುಳಿಯಿರಿ. ಸಂಜೆ ಇದೇ ಕೆಲಸವನ್ನು ಇಡೀ ದಾರಿಯ ಉದ್ದಕ್ಕೂ ಮಾಡುತ್ತೇವೆ. ಮಾರನೇ ದಿನ ಅದೇ ಹುಲ್ಲಿನ ಮೇಲೆ ಮಕ್ಕಳು ಓಡಾಡುತ್ತಾರೆ. ಹಾಗಾಗಿ ಬರುವಾಗ ಗಟ್ಟಿ ಹಿಮ್ಮಡಿಯ ಶೂ ಹಾಕಿಕೊಂಡು ಬನ್ನಿ.