ಪಟ್ಟೆ ಎಣಿಸಬೇಡಿ, ತಲೆ ನೋಡಿ

ಮೀನು ಸಾಕೋರು ನನ್ನ ಹತ್ರ ಜಾಸ್ತಿ ಕೇಳುವ ಪ್ರಶ್ನೆ ಇದು: "ಇದು ಮಲ್ಟಿನಾ, ಸಿಮಿಲಿಸ್ಸಾ?" ಫೋಟೋ ಕಳಿಸ್ತಾರೆ. ಅದರಲ್ಲಿ ಮೀನಿನ ಬಾಲ ಮಾತ್ರ ಕಾಣುತ್ತೆ, ಉಳಿದದ್ದು ಚಿಪ್ಪಿನೊಳಗೆ!

ಎರಡೂ ಆಫ್ರಿಕಾದ ಟಾಂಗಾನಿಕಾ ಸರೋವರದವು, ಖಾಲಿ ಬಸವನಹುಳು ಚಿಪ್ಪಿನಲ್ಲಿ ಮನೆ ಮಾಡುವ ಪುಟ್ಟ ಮೀನುಗಳು. ಮಲ್ಟಿ ಅಂದರೆ ನಿಯೋಲ್ಯಾಂಪ್ರೊಲೋಗಸ್ ಮಲ್ಟಿಫ್ಯಾಸಿಯೇಟಸ್, ಸಿಕ್ಲಿಡ್ ಅನ್ನೋ ಮೀನಿನ ಕುಟುಂಬದಲ್ಲೇ ಅತಿ ಚಿಕ್ಕವುಗಳಲ್ಲಿ ಒಂದು. ಗಂಡು ನಾಲ್ಕೂವರೆ ಸೆಂಟಿಮೀಟರ್ ಆದರೆ ಅದೇ ದೊಡ್ಡದು, ಹೆಣ್ಣು ಇನ್ನೂ ಪುಟ್ಟದು. 1906ರಲ್ಲೇ ಇದಕ್ಕೆ ಹೆಸರಿಟ್ಟಿದ್ದರು. ಸಿಮಿಲಿಸ್‌ಗೆ ಹೆಸರು ಸಿಕ್ಕಿದ್ದು 1992ರಲ್ಲಿ. ಆ ಹೆಸರಿನ ಅರ್ಥವೇ "ಅದರ ಹಾಗಿರೋದು", ಹೆಸರಿಟ್ಟವರಿಗೂ ನಮ್ಮದೇ ಗೋಳು ಇತ್ತೇನೋ.

ಮೈಮೇಲಿನ ಪಟ್ಟೆ ಎಣಿಸಬೇಡಿ. ಎರಡಕ್ಕೂ ಮೈತುಂಬ ಪಟ್ಟೆ, ಎರಡಕ್ಕೂ ಹೊಳೆಯುವ ನೀಲಿ ಕಣ್ಣು. ನೋಡಬೇಕಾದ್ದು ಕಣ್ಣಿನ ಹಿಂದಿನ ಜಾಗ. ಮಲ್ಟಿಯ ಪಟ್ಟೆಗಳು ಕಿವಿರಿನ ಮುಚ್ಚಳದ ಹಿಂದೆ ಶುರುವಾಗುತ್ತವೆ, ತಲೆ ಬೋಳು. ಸಿಮಿಲಿಸ್‌ನಲ್ಲಿ ಅವು ತಲೆಯ ಮೇಲೂ, ಕಣ್ಣಿನ ಹಿಂದಿನವರೆಗೂ ಬರುತ್ತವೆ. ಅಷ್ಟೇ. ಆದರೆ ಕವರ್‌ನಲ್ಲಿ ಬಂದ ದಿನ ತೀರ್ಪು ಕೊಡಬೇಡಿ, ಹೆದರಿದ ಮೀನು ಬಿಳಿಚಿಕೊಂಡಿರುತ್ತೆ. ನಾನೇ ಒಮ್ಮೆ ಅವಸರಪಟ್ಟು ಸಿಮಿಲಿಸ್ ಮರಿಗಳನ್ನ ಮಲ್ಟಿ ಅಂತ ಕೊಟ್ಟುಬಿಟ್ಟೆ. ತಿಂಗಳಾದ ಮೇಲೆ ತಗೊಂಡವರೇ ಫೋನ್ ಮಾಡಿ, "ಸಾರ್, ಇದರ ತಲೆ ಮೇಲೆ ಗೆರೆ ಇದೆಯಲ್ಲ" ಅಂದರು. ಏನು ಹೇಳೋದು!

ಗಂಡು ಹೆಣ್ಣು ಗುರುತಿಸೋದು ಇನ್ನೂ ಕಷ್ಟ, ಬಣ್ಣದಲ್ಲಿ ವ್ಯತ್ಯಾಸವೇ ಇಲ್ಲ. ಸುಮ್ನೆ ಆರೆಂಟು ಮರಿ ತಂದುಬಿಡಿ, ಜೋಡಿ ತಾವೇ ಆಗುತ್ತವೆ.

ಚಿಪ್ಪಿನ ವಿಷಯಕ್ಕೆ ಬರೋಣ. ಸರೋವರದಲ್ಲಿ ನಿಯೋಥೌಮ ಅನ್ನೋ ಬಸವನಹುಳು ಇದೆ. ಅದು ಸತ್ತ ಮೇಲೂ ಚಿಪ್ಪು ಬೇಗ ಕರಗಲ್ಲ, ಯಾಕಂದ್ರೆ ಅಲ್ಲಿನ ನೀರು ಸುಣ್ಣದ ಅಂಶವಿರುವ ಕ್ಷಾರದ ನೀರು, ಪಿಎಚ್ 9ರ ಹತ್ತಿರ. ಹಾಗಾಗಿ ತಳದಲ್ಲಿ ಚಿಪ್ಪುಗಳ ದೊಡ್ಡ ಹಾಸೇ ಇದೆ, ಈ ಮೀನುಗಳ ಊರೇ ಅದು. ಬಾಯಲ್ಲಿ ಮರಳು ಕಚ್ಚಿ ಕಚ್ಚಿ ಉಗುಳಿ ಗುಂಡಿ ತೋಡುತ್ತವೆ, ಹೆಣ್ಣು ಚಿಪ್ಪಿನ ಒಳಗೋಡೆಗೆ ಮೊಟ್ಟೆ ಅಂಟಿಸುತ್ತೆ, ಮರಿಗಳು ಬೆಳೆದ ಮೇಲೂ ಅಪ್ಪ ಅಮ್ಮನ ಕೇರಿಯಲ್ಲೇ ಉಳಿಯುತ್ತವೆ. ಒಂಥರಾ ಕೂಡುಕುಟುಂಬ ಅಲ್ವಾ?

ಬೋರ್‌ವೆಲ್‌ನ ಗಡಸು ನೀರು ನಮಗೆ ತಲೆನೋವು, ಇವುಗಳಿಗೆ ಹಬ್ಬ. ಮೃದು ನೀರಿನ ಮಲೆನಾಡಿನವರು ತೊಟ್ಟಿಗೆ ಒಂದಿಷ್ಟು ಹವಳದ ಚೂರು ಹಾಕಿಕೊಳ್ಳಿ. ಇನ್ನೊಂದು ಮಾತು, ಗುರುತು ಸಿಗದಿದ್ದರೆ ಎರಡು ಗುಂಪನ್ನೂ ಒಂದೇ ತೊಟ್ಟಿಗೆ ಬಿಡಬೇಡಿ. ಮಿಶ್ರತಳಿ ಹುಟ್ಟಿಬಿಟ್ಟರೆ ತಲೆ ನೋಡಿದರೂ ಪ್ರಯೋಜನವಿಲ್ಲ.